ಚಿಕ್ಕಮುನಿಯಪ್ಪನ ಬಾಣಂತನ

ಮೇಚೇರಿಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಟಗರಿಗಾಗಲಿ ಹೋರಿಗಾಗಲಿ ಬೀಜ ಒಡೆಯಬೇಕೆಂದರೆ ಚಿಕ್ಕಮುನಿಯಪ್ಪನೇ ಬರಬೇಕು. ಎರಡು ಬಿದಿರುಕೋಲುಗಳ ನಡುವೆ ಹಿಡಿದು ಮರದ ಕೊಡತಿಯಿಂದ ಹದವಾಗಿ ನಾಲ್ಕು ಏಟು ಹಾಕಿದನೆಂದರೆ, ಪ್ರಾಣಿ ಎರಡನೆಯ ಸಲ ಕೂಗುವುದರೊಳಗೆ ಕೆಲಸ ಮುಗಿದಿರುತ್ತಿತ್ತು. ಮೂವತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಹೋರಿಯೂ ಸತ್ತಿರಲಿಲ್ಲ. ಅಂಥವನಿಗೇ ಸೇಲಂ ಆಸ್ಪತ್ರೆಯಲ್ಲಿ ಕತ್ತಿ ಹಾಕಿ ಎರಡನ್ನೂ ತೆಗೆದುಬಿಟ್ಟರೆಂದರೆ ಯಾರಿಗಾದರೂ ನಗು ಬಂದೀತು. ಆ ನಗುವಿಗೇ ಅವನ ಹೆಂಡತಿ ಮುತ್ಯಾಲಮ್ಮ ಹೆದರಿದ್ದು.

ಮೆಟ್ಟೂರು ಅಣೆಕಟ್ಟಿನಲ್ಲಿ ನೀರು ನಿಂತ ಎರಡನೆಯ ವರ್ಷ ಅದು. ಚಿಕ್ಕಮುನಿಯಪ್ಪನಿಗೆ ವರ್ಷದಿಂದ ಮೂತ್ರ ಕಟ್ಟುತ್ತಿತ್ತು. ಸೊಂಟದ ಮೂಳೆ ಹಗಲೂ ರಾತ್ರಿಯೂ ಸಿಡಿಯುತ್ತಿತ್ತು. ನೆಗ್ಗಿಲುಮುಳ್ಳಿನ ಕಷಾಯ ಕುಡಿಸಿದ್ದಾಯಿತು, ಮಾರಮ್ಮನಿಗೆ ಹರಕೆ ಕಟ್ಟಿದ್ದಾಯಿತು. ಕೊನೆಗೆ ಮೂರು ದಿನ ಒಂದು ಹನಿಯೂ ಇಳಿಯದೆ ಹೊಟ್ಟೆ ಬಿಗಿದು ನಿಂತಾಗ ಮಗ ದಾಸಪ್ಪ ಬಸ್ಸಿಗೆ ಹಾಕಿಕೊಂಡು ಸೇಲಂಗೆ ಓಡಿದ.

ಬಿಳಿ ದೊರೆ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಗಾಯ ಕಟ್ಟುವ ಡ್ರೆಸ್ಸರ್ ಸುಬ್ಬರಾಯನ್ ಕನ್ನಡದಲ್ಲಿ ತಿಳಿಸಿದ. ಹೊಸೂರು ಕಡೆಯ ತಾಯಿಯ ಮಗನಾದ್ದರಿಂದ ಅವನಿಗೆ ಕನ್ನಡ ಬರುತ್ತಿತ್ತು.

"ಮೂತ್ರದ ದಾರೀಲಿ ಗಡ್ಡೆ ಬೆಳೆದೈತೆ ತಾಯಿ. ಮೂಳೆಗೂ ಇಳಿದೈತೆ. ಆ ಗಡ್ಡೆಗೆ ಊಟ ಆಕೋದು ಬೀಜ. ಬೀಜ ತೆಗೆದ್ರೆ ಒಣಗಿದ್ರೂ ಒಣಗಬೌದು ಅಂತಾರೆ ದೊರೆ. ಹಳೇ ಕಾಲದ ವೈದ್ಯ, ಈಗ ಯಾರೂ ಮಾಡೋದಿಲ್ವಂತೆ. ಬೇರೆ ದಾರಿ ಇಲ್ಲ."

ಮುತ್ಯಾಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದಾಸಪ್ಪ ಗೋಡೆ ನೋಡುತ್ತ ನಿಂತ. ಹೆಬ್ಬೆಟ್ಟು ಒತ್ತಿದ್ದು ಚಿಕ್ಕಮುನಿಯಪ್ಪನೇ.

ಮಾಡಿದ್ದು ಫಲಿಸಿತು, ಅದನ್ನು ಸುಳ್ಳೆನ್ನುವ ಹಾಗಿಲ್ಲ. ಎರಡು ವಾರದಲ್ಲಿ ಮೂತ್ರ ಸಲೀಸಾಯಿತು. ಸೊಂಟದ ಸಿಡಿತ ಇಳಿದು ಮುದುಕ ವರ್ಷದ ಮೇಲೆ ಮೊದಲ ಸಲ ಅಂಗಾತ ಮಲಗಿ ಗೊರಕೆ ಹೊಡೆದ. ಊರಿಗೆ ಕಳಿಸುವ ದಿನ ದೊರೆ ಮಂಚದ ಪಕ್ಕ ನಿಂತು ಬಹಳ ಹೊತ್ತು ಮಾತಾಡಿದರು.

"ರೋಗ ಮಲಗೈತೆ, ನೀನು ಮಲಗಬ್ಯಾಡ ಅಂತಾರೆ ದೊರೆ," ಎಂದ ಸುಬ್ಬರಾಯನ್. "ಬೀಜ ತೆಗೆದ ಮೇಲೆ ಮೈಯ ಮಾಂಸ ಕರಗ್ತದೆ, ಮೂಳೆ ಟೊಳ್ಳಾಗ್ತದೆ. ಇನ್ನೊಂದು ವಾರ ಗಾಯ ಮಾಯಲಿ. ಆಮೇಲೆ ದಿನಾ ನಡೀಬೇಕು, ದಿಬ್ಬ ಅತ್ತಬೇಕು, ಭಾರ ಎತ್ತಬೇಕು. ಬಿಡಲೇಬಾರ್ದು."

ಚಿಕ್ಕಮುನಿಯಪ್ಪ ಕಿಸಕ್ಕನೆ ನಕ್ಕ. "ಒಡೆದ ಎತ್ತಿಗೂ ನಾನು ಅದ್ನೇ ಯೋಳ್ತೀನಿ ಸಾಮಿ. ಕಟ್ಟಾಕಿದ್ರೆ ಊದ್ಕತ್ತದೆ, ನಡೆಸಿದ್ರೆ ನೇಗ್ಲು ಎಳೀತದೆ."

ಸುಬ್ಬರಾಯನ್ ಅದನ್ನು ದೊರೆಗೆ ಹೇಳಿದಾಗ ದೊರೆಯೂ ನಕ್ಕರು. ಮುತ್ಯಾಲಮ್ಮನಿಗೆ ಮಾತ್ರ ಮೈ ಉರಿದುಹೋಯಿತು. ಗಂಡನ ಬಾಯಿಂದಲೇ ಈ ಮಾತು ಬಂದರೆ ನಾಳೆ ಊರಿನ ಬಾಯಿಂದ ಏನು ಬಾರದು? ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ?

ಬಸ್ಸಿಳಿದಾಗ ಹುಣಿಸೆಮರದ ಕೆಳಗೆ ನಾಲ್ಕು ಜನ ಕೂತಿದ್ದರು. ಏನಾಗಿತ್ತು ಎಂದು ಅವರು ಕೇಳುವ ಮೊದಲೇ ಮುತ್ಯಾಲಮ್ಮ ಉತ್ತರ ಕೊಟ್ಟಳು. "ಮೂತ್ರದಾಗೆ ಕಲ್ಲಿತ್ತು. ತೆಗೆದವ್ರೆ. ನಾಲ್ಕು ತಿಂಗ್ಳು ಮಂಚ ಬಿಟ್ಟು ಇಳೀಬಾರ್ದಂತೆ."

ಒಂದು ಸುಳ್ಳು ಹೇಳುವುದು ಸುಲಭ; ಅದಕ್ಕೆ ತಕ್ಕ ಹಾಗೆ ಸಂಸಾರ ಮಾಡುವುದು ಕಷ್ಟ. ನಾಲ್ಕು ತಿಂಗಳು ಎಂದು ಬಾಯಿಬಿಟ್ಟ ಮೇಲೆ ನಾಲ್ಕು ತಿಂಗಳು ಮಲಗಿಸಲೇಬೇಕಾಯಿತು.

ರಕ್ತ ಹೋದ ಮೈಗೆ ಅವಳಿಗೆ ಗೊತ್ತಿದ್ದ ಆರೈಕೆ ಒಂದೇ. ಐದು ಹೆತ್ತವಳು, ಊರಿನ ಅರ್ಧ ಹೆಂಗಸರ ಬಾಣಂತನ ಮಾಡಿದವಳು. ಒಳಕೋಣೆಯಲ್ಲಿ ಮಂಚ ಹಾಕಿ, ಕಿಟಕಿಗೆ ಗೋಣಿ ಕಟ್ಟಿ, ಕೆಂಡದ ಕುಂಡ ಇಟ್ಟಳು. ಮೆಣಸು ಬೆಳ್ಳುಳ್ಳಿಯ ಸಾರು, ಬಿಸಿ ಅನ್ನ, ಮೇಲೊಂದು ಚಮಚ ತುಪ್ಪ. ಮಜ್ಜಿಗೆ ಇಲ್ಲ, ತಂಗಳು ಇಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕುರಿಯ ಹಿಂದೆ ಮಳೆ ಬಿಸಿಲೆನ್ನದೆ ಅಲೆದ ಗಂಡಸು ಬಾಣಂತಿಯ ಹಾಗೆ ಕಂಬಳಿಯೊಳಗೆ ಕೂತು ಪಿಳಿಪಿಳಿ ನೋಡುತ್ತಿದ್ದ.

"ಒಂದು ಮುದ್ದೆ ಆಕೇ. ಈ ಅನ್ನ ತಿಂದು ಬಾಯಿ ಸತ್ತೋಯ್ತು," ಎಂದ ಒಂದು ದಿನ.

"ರಾಗಿ ವಾಯು. ಗಾಯಕ್ಕೆ ಆಗಲ್ಲ."

"ಗಾಯ ಮಾಯ್ದು ಮೂರು ವಾರ ಆಯ್ತು, ನೀನೇ ನೋಡಿದ್ಯಲ್ಲ. ನಾಳೆ ಕುರಿ ಜತೆ ಗುಡ್ಡದ ತಾವ ಓಗಿ ಬತ್ತೀನಿ."

"ಓಗಿ? ಆಮೇಲೆ ಬಾವೀ ತಾವ ಕಚ್ಚೆ ಕಟ್ಕಂಡು ನೀರು ಉಯ್ಕಂಡಾಗ ಎಲ್ರೂ ನೋಡ್ಲಿ ಅಂತಾನಾ?"

ಗಂಡಸರೆಲ್ಲ ಸಂಜೆ ಬಾವಿಯ ಕಟ್ಟೆಯಲ್ಲಿ ಒಂದು ತುಂಡು ಬಟ್ಟೆಯಲ್ಲಿ ನಿಂತು ಸ್ನಾನ ಮಾಡುವ ಊರು ಅದು. ಅಲ್ಲಿ ಯಾರ ಮೈಯ ಸಂಗತಿಯೂ ಗುಟ್ಟಲ್ಲ.

"ಡಾಕ್ಟ್ರು ನಡಿ ಅಂದವ್ರೆ," ಎಂದ ದನಿ ತಗ್ಗಿಸಿ.

"ಅವ್ರಿಗೇನು, ಕೂಲಿ ಜನಕ್ಕೆ ಯೋಳಿ ಯೋಳಿ ಅಭ್ಯಾಸ. ಮನೆಮಂದಿ ಇರೋನು ಯಾಕೆ ನಡೀಬೇಕು?"

"ಒಡೆದ ಎತ್ತನ್ನ ಕಟ್ಟಾಕಬಾರ್ದು ಮುತ್ತೂ."

"ನೀನೇನು ಎತ್ತಾ?" ಎಂದು ಅವಳು ಕೂಗಿದಳು. ಕೂಗಿ, ಹೊರಗೆ ಕೇಳಿಸಿತೇನೋ ಎಂದು ತಾನೇ ಹೆದರಿ ಬಾಗಿಲ ಹತ್ತಿರ ಹೋಗಿ ಇಣುಕಿ ಬಂದಳು.

ದಾಸಪ್ಪ ಅವ್ವನ ಕಡೆ. "ಸುಮ್ನೆ ಮಲಗಪ್ಪಾ. ನಿನ್ನ ಎಬ್ಬಿಸಿ ಗುಡ್ಡಕ್ಕೆ ಕಳಿಸಿದ್ರೆ, ಕುಯ್ದ ಮೈಯ ಅಪ್ಪನ ಕೈಲಿ ಕುರಿ ಕಾಯಿಸ್ತಾನೆ ಅಂತ ಊರು ಉಗೀತದೆ. ಇನ್ನೊಂದು ವಿಷ್ಯ ಗೊತ್ತಾದ್ರಂತೂ ನನ್ನ ಏನಂತ ಕರೀತಾರೋ," ಎಂದು ಅನ್ನ ಕಲಸಿದ.

ಮಾರ್ಗಳಿಯ, ಧನುರ್ಮಾಸದ ಚಳಿಯಲ್ಲಿ ಅವನಿಗೆ ಹೊಸದೊಂದು ಶುರುವಾಯಿತು. ಕೂತ ಹಾಗೇ ಮುಖ ಕೆಂಪೇರಿ, ಕತ್ತು ಎದೆಯೆಲ್ಲ ಬೆವರಿ, ಕಂಬಳಿ ಕಿತ್ತೆಸೆಯುತ್ತಿದ್ದ. ಆರೇಳು ನಿಮಿಷಕ್ಕೆ ಮತ್ತೆ ನಡುಗುತ್ತಿದ್ದ. ಮುತ್ಯಾಲಮ್ಮ ಬೀಸಣಿಗೆ ಹಿಡಿದು ಕೂತವಳು ಥಟ್ಟನೆ ಕೈ ನಿಲ್ಲಿಸಿದಳು. ಈ ಬೆವರು ಅವಳಿಗೆ ಗೊತ್ತಿತ್ತು. ಮುಟ್ಟು ನಿಂತ ಎರಡು ವರ್ಷ ಅವಳೇ ಹೀಗೆ ಬೆಂದಿದ್ದಳು. ಗಂಡನ ಎದೆಯೂ ಸ್ವಲ್ಪ ಉಬ್ಬಿತ್ತು. ಸಣ್ಣದಕ್ಕೂ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳಿಗೆ ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ಅಸಹ್ಯವಾಯಿತು. ಅಸಹ್ಯವಾದದ್ದಕ್ಕೆ ನಾಚಿಕೆಯಾಗಿ ಮತ್ತಷ್ಟು ಜೋರಾಗಿ ಬೀಸಿದಳು. ಆವತ್ತಿನಿಂದ ಹೊರಬಾಗಿಲಿಗೆ ಹಗಲಲ್ಲೂ ಅಗಳಿ ಬಿತ್ತು.

ಸೊಸೆ ನಾರಾಯಣಮ್ಮ ಹರೂರು ಕಡೆಯವಳು. ಬಾಯಿ ಸ್ವಲ್ಪ ಉದ್ದ, ಕೈ ಅದಕ್ಕಿಂತ ಚುರುಕು. ಅತ್ತೆ ಬೆಳಿಗ್ಗೆ ಕೆರೆಯ ಕಡೆ ಬಟ್ಟೆ ಒಗೆಯಲು ಹೋದಾಗ ಅವಳು ನಡುಮನೆಯಲ್ಲಿ ರಾಗಿ ಬೀಸುತ್ತಿದ್ದಳು. ಒಂದು ದಿನ ಮಾವ ಗೋಡೆ ಹಿಡಿದುಕೊಂಡು ಬಂದು ಬೀಸುಕಲ್ಲಿನ ಎದುರು ಕೂತ. ಅವಳು ಗೂಟದ ಮೇಲೆ ತನ್ನ ಕೈಯನ್ನು ಪಕ್ಕಕ್ಕೆ ಸರಿಸಿ ಜಾಗ ಕೊಟ್ಟಳು.

ಮೊದಲ ದಿನ ಅವನು ಹತ್ತು ಸುತ್ತಿಗೆ ಏದುಸಿರು ಬಿಟ್ಟ. ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಅರ್ಧ ಸೇರು ಬೀಸಿದ. ಬೀಸಿದ ಮೇಲೆ ಸೊಸೆ ಅವನ ಹೆಗಲಿಗೆ ನೀರಿನ ಕೊಡ ಏರಿಸಿ, ಹಿತ್ತಿಲ ಗೋಡೆಯೊಳಗೇ ಇಪ್ಪತ್ತು ಸಲ ಸುತ್ತಾಡಿಸುತ್ತಿದ್ದಳು. ಒನಕೆ ಕೊಟ್ಟು ಸಜ್ಜೆ ಕುಟ್ಟಿಸುತ್ತಿದ್ದಳು. ಒಂದು ಮುದ್ದೆಯನ್ನೂ ಕದ್ದು ಹಾಕುತ್ತಿದ್ದಳು.

"ಮಾವ, ಇವತ್ತು ಇಪ್ಪತ್ತೈದು ಸುತ್ತು."

"ಸಾಕಮ್ಮಾ, ತೊಡೆ ನಡುಗ್ತದೆ."

"ನಡುಗ್ಲಿ. ನಡುಗಿದ್ರೆ ಇನ್ನೂ ಐತೆ ಅಂತ ಅರ್ಥ."

ಗಂಡನ ಮುಖದಲ್ಲಿ ಕಳೆ ಬಂದಿದ್ದನ್ನು ಮುತ್ಯಾಲಮ್ಮ ಗಮನಿಸಿದ್ದಳು. ಬೆವರು ಹತ್ತುವುದೂ ಕಡಿಮೆಯಾಗಿತ್ತು. ರಾತ್ರಿ ಅವನು ಅವಳನ್ನು ಹಳೆಯ ಹಾಗೆ ಕೆಣಕುತ್ತಿದ್ದ. ತನ್ನ ಮೆಣಸಿನ ಸಾರು ನಾಟಿತು ಎಂದು ಅವಳು ಹಿಗ್ಗಿದಳು, ಮಾರಮ್ಮನಿಗೆ ಒಂದು ಮಡಿಲಕ್ಕಿಯನ್ನೂ ಕಟ್ಟಿಟ್ಟಳು.

ಆಮೇಲೊಂದು ಬೆಳಿಗ್ಗೆ ಸೋಪು ಮರೆತು ಅರ್ಧ ದಾರಿಯಿಂದ ಹಿಂದಕ್ಕೆ ಬಂದಳು. ಹಿತ್ತಿಲ ಕಡೆಯಿಂದ ಒಳಗೆ ಬಂದಾಗ ಕಂಡದ್ದು ಇಷ್ಟು: ಅವಳ ಗಂಡ, ತಲೆಗೆ ಬಟ್ಟೆ ಸುತ್ತಿಕೊಂಡು, ಕಾಲು ಚಾಚಿ, ಹೆಂಗಸರ ಹಾಗೆ ಬೀಸುಕಲ್ಲು ತಿರುಗಿಸುತ್ತಿದ್ದಾನೆ. ಎದುರಿಗೆ ಸೊಸೆ ಕೂತು ಹಾಡು ಹೇಳಿಕೊಡುತ್ತಿದ್ದಾಳೆ. ಅವನೂ ಜತೆಗೆ ಗುನುಗುತ್ತಿದ್ದಾನೆ, ಖುಷಿಯಾಗಿ.

ಮುತ್ಯಾಲಮ್ಮನ ಕೈಯಲ್ಲಿದ್ದ ಬಟ್ಟೆಯ ಗಂಟು ಕೆಳಗೆ ಬಿತ್ತು.

"ಏನೇ ಮಾಡಿದ್ದೀಯಾ ನನ್ ಗಂಡನ್ನ?"

"ಏನ್ ಮಾಡಿದ್ದೀನತ್ತೆ? ಡಾಕ್ಟ್ರು ಯೋಳಿದ್ದ ಮಾಡಿಸ್ತಿದ್ದೀನಿ. ಒರಗೆ ಬಿಡಲ್ಲ ಅಂತೀರಿ. ಒಳಗೆ ಇರೋ ಕೆಲ್ಸ ಇದೇ ತಾನೆ?"

"ಡಾಕ್ಟ್ರು ಗಂಡ್ಸುತನ ತೆಗೆದ್ರು. ನೀನು ಸೀರೆ ಉಡಿಸೋದೊಂದು ಬಾಕಿ ಇಟ್ಟಿದ್ದೀಯಾ!"

"ಅತ್ತೆ, ಅವ್ರ ಕಾಲು ನೋಡಿ. ತಿಂಗ್ಳ ಕೆಳಗೆ ಎದ್ದು ನಿಲ್ಲೋಕ್ ಆಗ್ತಿರ್ಲಿಲ್ಲ..."

"ಬಾಯ್ ಮುಚ್ಚೇ!"

ಚಿಕ್ಕಮುನಿಯಪ್ಪ ಗೂಟ ಬಿಟ್ಟಿದ್ದ. ಅವನು ಹೆಂಡತಿಯ ಮುಖ ನೋಡಿದ. ಅಲ್ಲಿದ್ದ ಅಸಹ್ಯವನ್ನು ಅವಳು ಬಚ್ಚಿಡುವಷ್ಟರಲ್ಲಿ ಅವನು ಕಂಡುಬಿಟ್ಟಿದ್ದ. ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡು, ಯಾರ ಆಸರೆಯೂ ಇಲ್ಲದೆ ಎದ್ದು, ನೆಟ್ಟಗೆ ನಡೆದು ಹೋಗಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಅವನು ನೆಟ್ಟಗೆ ನಡೆದದ್ದು ಆ ಹೊತ್ತಿನಲ್ಲಿ ಮುತ್ಯಾಲಮ್ಮನ ಕಣ್ಣಿಗೆ ಬೀಳಲಿಲ್ಲ. ಬಹಳ ದಿನದ ಮೇಲೆ ನೆನಪಾಯಿತು, ನೆನಪಾದ ಮೇಲೆ ಮರೆಯಲಿಲ್ಲ.

ಸಂಜೆ ದಾಸಪ್ಪ ಬಂದಾಗ ಒಲೆ ಹತ್ತಿರಲಿಲ್ಲ.

"ನಿನ್ ಎಂಡ್ತೀನ ತೌರಿಗೆ ಕಳಿಸು," ಎಂದಳು ತಾಯಿ.

"ನಂಗೆ ಕಾಲಿದಾವೆ, ನಾನೇ ಓಗ್ತೀನಿ," ಎಂದಳು ಸೊಸೆ. "ಆದ್ರೆ ಒಂದ್ ಮಾತು. ನಾಳೆಯಿಂದ ಮಾವನ್ನ ಎಬ್ಬಿಸಿ ನಡೆಸಿ. ನಾನಲ್ದಿದ್ರೆ ನೀವೇ ನಡೆಸಿ. ಪಂಚೆ ಉಟ್ಕಂಡೇ ನಡೀಲಿ, ಬೀಸೋದೇನೂ ಬ್ಯಾಡ."

"ಮಾವನ ಚಿಂತೆ ನಿಂಗ್ಯಾಕೆ?"

"ನನ್ನಪ್ಪ ಇಂಗೇ ಮಲಗಿ ಮಲಗಿ ಸತ್ತ. ಅದ್ಕೆ."

ಮಾರನೆಯ ದಿನ ದಾಸಪ್ಪ ಅವಳನ್ನು ಹರೂರಿನ ಬಸ್ಸು ಹತ್ತಿಸಿದ. ತೈ ಪೊಂಗಲ್ ಹಬ್ಬಕ್ಕೆ ತೌರಿಗೆ ಹೋಗಿದ್ದಾಳೆ ಎಂದು ಊರಿಗೆ ಹೇಳಿದ್ದಾಯಿತು.

ಆಮೇಲೆ ಚಿಕ್ಕಮುನಿಯಪ್ಪ ಏಳುತ್ತೇನೆ ಅನ್ನಲಿಲ್ಲ. ಮುದ್ದೆ ಬೇಕು ಅನ್ನಲಿಲ್ಲ. ಕೊಟ್ಟದ್ದು ತಿಂದ, ಹೊರಳಿಸಿದ ಕಡೆ ಹೊರಳಿದ. ಹೊಟ್ಟೆ ಗುಡಾಣದ ಹಾಗೆ ಬೆಳೆಯಿತು. ಬೆಟ್ಟ ಹತ್ತಿದ ಕಾಲುಗಳು ಮಾತ್ರ ಸಣ್ಣಗಾಗುತ್ತಾ ಬಂದವು. ಎಣ್ಣೆ ಹಚ್ಚುವಾಗ ಮುತ್ಯಾಲಮ್ಮನ ಹಿಡಿಯಲ್ಲಿ ಅವನ ಮೀನಖಂಡ ಸಡಿಲ ಚೀಲದಂತೆ ಓಲಾಡುತ್ತಿತ್ತು. ಅವಳು ತುಪ್ಪ ಹೆಚ್ಚಿಸಿದಳು. ಕೆಂಡ ಹೆಚ್ಚಿಸಿದಳು. ಇಷ್ಟು ಪ್ರೀತಿಯಿಂದ ಯಾರೂ ಯಾರನ್ನೂ ಹಾಳುಮಾಡಿರಲಿಕ್ಕಿಲ್ಲ.

ಒಂದು ರಾತ್ರಿ ಅವಳೇ ತಡೆಯಲಾರದೆ ಕೇಳಿದಳು. "ಯಾಕೆ ಮಾತಾಡಲ್ಲ ನೀನು?"

"ಏನ್ ಮಾತಾಡ್ಲಿ?"

"ನನ್ ಮ್ಯಾಲೆ ಕ್ವಾಪವಾ?"

"ಊರಿಗೆ ಗೊತ್ತಾಗ್ಬಾರ್ದು ಅಂತ ನಂಗೂ ಐತೆ ಕಣೇ," ಎಂದ ಅವನು. "ನಾನು ಎಷ್ಟು ಜನರ ಮುಂದೆ ನಗಾಡ್ಕಂಡು ಟಗರು ಒಡೆದಿದ್ದೀನಿ. ಅವ್ರೂ ನಗ್ತಾರೆ. ಒರಗೆ ಓಗ್ಬೇಕು ಅಂತಾನೂ ಐತೆ. ಎರಡೂ ಆಗಲ್ಲ."

ಪೊಂಗಲ್ ಕಳೆದು ತಿಂಗಳಾಗಿ, ಮಾಸಿ ತಿಂಗಳ ಮೊದಲ ವಾರ ಕಾಳಿಯಪ್ಪನ್ ಬಂದ. ಪಕ್ಕದೂರಿನ ತಮಿಳು ರೈತ, ಚಿಕ್ಕಮುನಿಯಪ್ಪನ ಹಳೆಯ ಗಿರಾಕಿ. ಆರು ಟಗರುಮರಿಗಳನ್ನು ಹೊಡೆದುಕೊಂಡು ಬಂದು ಅಂಗಳದಲ್ಲಿ ನಿಂತು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕೂಗಿದ.

"ಅಕ್ಕಾ! ಪೆರಿಯವರ್ ಇರುಕ್ಕಾರಾ, ಯಜಮಾನ್ರು ಅವ್ರಾ? ಮರಿ ಬೆಳೆದ್ಬಿಟ್ಟವೆ. ಬೇರೆಯವ್ರ ಕೈಲಿ ಕೊಡೋಕೆ ಮನಸಿಲ್ಲ. ಅವರು ಕೂತ್ಕೊಂಡು ಯೋಳಿಕೊಟ್ರೂ ಸಾಕು, ನಾನೇ ಒಡೀತೀನಿ."

ಒಳಗೆ ಮಂಚ ಕಿರುಗುಟ್ಟಿತು. ಮುತ್ಯಾಲಮ್ಮ ಬಾಗಿಲ ಸಂದಿಯಿಂದಲೇ ಉತ್ತರ ಕೊಟ್ಟಳು. "ಇಲ್ಲ ಕಾಳಿಯಪ್ಪಾ. ಏಳಂಗಿಲ್ಲ ಅವ್ರು. ಮರಿ ಅಟ್ಕಂಡ್ ಓಗು."

"ಬತ್ತೀನಿ ಕಣೋ ಕಾಳಿಯಪ್ಪಾ, ತಾಳು!" ಎಂದು ಒಳಗಿನಿಂದ ಕೂಗು ಬಂತು. ತಿಂಗಳಿಂದ ಕೇಳದ ದನಿ ಅದು.

ಮುತ್ಯಾಲಮ್ಮ ಅಗಳಿಯನ್ನು ಬಿಗಿಮಾಡಿ ಒಳಕೋಣೆಯ ಕಡೆ ಓಡಿದಳು. ಅವನು ಮಂಚದಿಂದ ಇಳಿದು ನಿಂತಿದ್ದ. ಗೋಡೆ ಬಿಟ್ಟು ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಅವಳು ಅಡ್ಡ ನಿಂತು ಎರಡೂ ಕೈ ಚಾಚಿದಳು.

"ಬ್ಯಾಡ. ನಿನ್ ದಮ್ಮಯ್ಯ, ಮರಿ ಒಡೆಯೋ ಮಾತು ಬ್ಯಾಡ. ಅಲ್ಲಿ ಕೂತ್ರೆ ನಿನ್ ಮೊಗ ನೋಡಿ ತಿಳ್ಕತ್ತಾನೆ."

"ಜರುಗು."

"ನಾನು ಬಿಡಲ್ಲ."

ಅವನು ಅವಳನ್ನು ತಳ್ಳಲಿಲ್ಲ. ಪಕ್ಕಕ್ಕೆ ಸರಿದು ಹೋಗಲು ಬಲಗಾಲ ಮೇಲೆ ಭಾರ ಹಾಕಿ ತಿರುಗಿದ, ಅಷ್ಟೆ. ಒಣ ತೊಗರಿಕಡ್ಡಿ ಮುರಿದ ಹಾಗೆ ಒಂದು ಸದ್ದು ಕೇಳಿಸಿತು. ಮೊದಲು ಮೂಳೆ ಮುರಿದು ಆಮೇಲೆ ಬಿದ್ದ, ಬಿದ್ದು ಮುರಿದದ್ದಲ್ಲ. ಅವನ ಕೂಗಿಗೆ ಕಾಳಿಯಪ್ಪನ್ ಹೆಗಲು ಕೊಟ್ಟು ಬಾಗಿಲು ಮುರಿದು ಒಳಗೆ ಬಂದ.

ಮೂಳೆ ಕಟ್ಟುವವನು ಬಂದು ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಹಚ್ಚಿ, ತೊಡೆಗೆ ಬಿದಿರುದಬ್ಬೆ ಕಟ್ಟಿದ. ಹೊರಗೆ ಬಂದು ದಾಸಪ್ಪನ ಕಿವಿಯಲ್ಲಿ ಹೇಳಿದ, "ಮೂಳೆ ಸುಣ್ಣದಂಗೆ ಆಗೈತಪ್ಪಾ, ಕೂಡಲ್ಲ." ದಾಸಪ್ಪ ಅಂದೇ ಹರೂರಿಗೆ ಹೋಗಿ ಹೆಂಡತಿಯನ್ನು ಕರೆತಂದ. ನಾರಾಯಣಮ್ಮ ಬಂದು ಮಾವನ ಕಾಲ ಹತ್ತಿರ ಕೂತು ಅತ್ತಳು. ಅತ್ತೆಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮುತ್ಯಾಲಮ್ಮನಿಗೆ ಸ್ವಲ್ಪ ಹಗುರಾಗುತ್ತಿತ್ತು.

ನಾಲ್ಕನೆಯ ದಿನ ಕಾಳಿಯಪ್ಪನ್ ಒಂದು ಬುಟ್ಟಿ ಮೊಟ್ಟೆ ಹಿಡಿದು ನೋಡಲು ಬಂದ. ರೋಗಿ ನಿದ್ದೆಯಲ್ಲಿದ್ದ. ಮುತ್ಯಾಲಮ್ಮ ಅಂಗಳದಲ್ಲೇ ಅವನನ್ನು ನಿಲ್ಲಿಸಿದಳು.

"ಕಲ್ಲು ತೆಗೆಸಿದ ಮೈ ನೋಡು, ಮೂಳೆ ಸೋತೋಗಿತ್ತು," ಎಂದಳು.

ಕಾಳಿಯಪ್ಪನ್ ಬುಟ್ಟಿ ಕೆಳಗಿಟ್ಟು ನೆಲ ನೋಡಿದ. "ಯಾವ ಕಲ್ಲಕ್ಕಾ? ನನ್ ಭಾಮೈದ ಆಸ್ಪತ್ರೀಲಿ ಪಕ್ಕದ ಮಂಚದಾಗೇ ಇದ್ದ. ಆವತ್ತಿಂದ ಎಲ್ಲಾರ್ಕುಂ ತೆರಿಯುಂ. ನಿಮ್ಮೂರಿಗೂ ಗೊತ್ತು, ನಮ್ಮೂರಿಗೂ ಗೊತ್ತು."

"ನಕ್ರಾ?"

"ಎರಡು ದಿನ ನಕ್ರು. ಸುಳ್ಳು ಯಾಕೆ ಯೋಳ್ಲಿ, ನಾನೂ ನಕ್ಕೆ. ಆಮೇಲೆ ಮರ್ತೋಯ್ತು. ನಮ್ಗೆ ಅನ್ನ ಆಕೋ ಎತ್ತೆಲ್ಲ ಒಡೆದ ಎತ್ತೇ ತಾನೆ? ಯಾಕೆ ಮುದುಕಪ್ಪ ಒರಗೇ ಬರಲ್ಲ, ಅಷ್ಟು ಜಾಸ್ತಿ ಆಗೈತಾ ಅಂತ ಕೇಳ್ಕಂತಾ ಇದ್ವಿ. ಅದ್ಕೇ ಮರಿ ಅಟ್ಕಂಡು ಬಂದೆ. ಕರೆದ್ರೆ ಎದ್ದು ಬರ್ತಾರೆ ಅಂತ."

ಮುತ್ಯಾಲಮ್ಮ ಜಗಲಿಯ ಕಂಬ ಹಿಡಿದು ಕೂತಳು. ಎರಡು ದಿನದ ನಗು. ಎರಡು ದಿನದ ನಗುವಿಗೆ ಅವಳು ಮೂರೂವರೆ ತಿಂಗಳು ಬಾಗಿಲು ಹಾಕಿದ್ದಳು. ಎದೆ ಬಡಿದುಕೊಂಡು ಅಳಬೇಕೆನಿಸಿತು. ಒಳಗೆ ಅವನು ಎಚ್ಚರವಾದಾನು ಎಂದು ಅಳಲಿಲ್ಲ.

ಅವನು ಎಚ್ಚರವಾಗಿಯೇ ಇದ್ದ. ಅವಳು ಒಳಗೆ ಹೋದಾಗ ಕಣ್ಣು ಅವಳ ಮೇಲೇ ಇತ್ತು.

"ಏನಂದ ಕಾಳಿಯಪ್ಪ?"

"ಏನಿಲ್ಲ. ಮರಿಗಳ ವಿಚಾರ."

"ನನ್ ವಿಷ್ಯ ಏನಾರ ಎತ್ತಿದ್ನಾ?"

ನಿಜ ಹೇಳಿದರೆ ಈ ಕಾಲು ಹೋದದ್ದು ಯಾತಕ್ಕೆ ಎಂದು ಅವನು ಕೇಳುತ್ತಾನೆ. ಯಾತಕ್ಕೂ ಅಲ್ಲ ಎಂದು ಅವಳು ಹೇಳಬೇಕಾಗುತ್ತದೆ.

"ಇಲ್ಲ. ಕಲ್ಲು ತೆಗೆಸಿದ ನೋವು ಓಯ್ತಾ ಅಂತ ಕೇಳ್ದ."

"ಅಂಗಾದ್ರೆ ಯಾರ್ಗೂ ಗೊತ್ತಿಲ್ಲ."

"ಯಾರ್ಗೂ ಗೊತ್ತಿಲ್ಲ."

ಅವನ ಮುಖ ಸಡಿಲವಾಯಿತು. ಕಂಬಳಿಯಿಂದ ಕೈ ಹೊರಗೆ ತೆಗೆದು ಅವಳ ಕೈ ಹಿಡಿದ. "ನಿನ್ ಮ್ಯಾಲೆ ಭಾಳ ಕ್ವಾಪ ಇತ್ತು ಮುತ್ತೂ. ಬಾಗ್ಲು ಆಕ್ತಾಳಲ್ಲ ಅಂತ. ಓಗ್ಲಿ ಬಿಡು. ಕಾಲು ಓದ್ರೂ ನನ್ ಮಾನ ಉಳಿಸ್ದೆ ನೀನು."

ಆಮೇಲೆ ಅವನು ಹದಿನೆಂಟು ದಿನ ಬದುಕಿದ್ದ. ಬಾಗಿಲು ಮುರಿದದ್ದು ಮುರಿದ ಹಾಗೇ ಇತ್ತು, ದಿನಾ ಯಾರಾದರೂ ನೋಡಲು ಬರುತ್ತಿದ್ದರು. ಮುತ್ಯಾಲಮ್ಮ ಒಬ್ಬೊಬ್ಬರನ್ನೂ ಹೊಸಿಲಲ್ಲೇ ತಡೆದು, ಕೈಮುಗಿದು, "ಕಲ್ಲು ಅಂತಾನೇ ಮಾತಾಡ್ರಪ್ಪಾ, ನಿಮ್ ಕಾಲಿಗೆ ಬೀಳ್ತೀನಿ," ಎಂದು ಬೇಡಿಕೊಂಡು ಒಳಗೆ ಬಿಟ್ಟಳು. ಊರಿಗೆ ಊರೇ ಬಂದು, ಮಂಚದ ಪಕ್ಕ ಕೂತು, ಆ ಕಲ್ಲು ಎಷ್ಟು ದೊಡ್ಡದಿತ್ತು ಎಂದು ಕೇಳಿ ಹೋಯಿತು. ಅವನು ಪ್ರತಿಯೊಬ್ಬರಿಗೂ ಹೆಬ್ಬೆರಳಿನ ತುದಿ ತೋರಿಸಿ, ಇಷ್ಟಿತ್ತು ಎಂದು ಹೇಳಿದ.